ಬೈಕಿಗೂ ವಿಮಾನಕ್ಕೂ ಆಗುವಂಥ ನಕ್ಷತ್ರ ಫೋಟೊ ಸಾಮಾನು: ಟ್ರ್ಯಾಕರಾ, ಸ್ಮಾರ್ಟ್ ಟೆಲಿಸ್ಕೋಪಾ?

ಎರೆಹೊಲ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಆಕಾಶದ ಫೋಟೊ ತೆಗೆಯುತ್ತಿದ್ದೇನೆ. ಇರುವುದು ನಿಕಾನ್ ಡಿ5600, ಜೊತೆಗೆ ಬಂದ 18-55 ಲೆನ್ಸ್, ಆಮೇಲೆ ತಗೊಂಡ 35 ಎಂಎಂ ಎಫ್/1.8. ಊರಲ್ಲಿ ಆಕಾಶ ಕಿತ್ತಳೆ ಬಣ್ಣಕ್ಕಿರುತ್ತದೆ. ಅದಕ್ಕೆ ಅಮಾವಾಸ್ಯೆ ಹತ್ತಿರದ ಶನಿವಾರ ಬೈಕ್ ಹತ್ತಿ ನರಗುಂದದ ಕಡೆ ಮಾವನ ಹೊಲಕ್ಕೆ ಹೋಗುತ್ತೇನೆ. ಅಲ್ಲಿ ಕತ್ತಲೆ ಚೆನ್ನಾಗಿದೆ.

ತೊಂದರೆ ಏನೆಂದರೆ, 35 ಎಂಎಂನಲ್ಲಿ 9 ಸೆಕೆಂಡ್ ದಾಟಿದರೆ ಚುಕ್ಕಿ ಗೆರೆಯಾಗುತ್ತದೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ ಏರಿಸಿ ಸಾಕಾಗಿದೆ. ಭೂಮಿ ತಿರುಗುವ ವೇಗಕ್ಕೆ ಕ್ಯಾಮೆರಾ ತಿರುಗಿಸುವ ಸಾಮಾನು ಬೇಕೇ ಬೇಕು.

ನನ್ನ ಮುಂದೆ ಮೂರು ದಾರಿ ಇವೆ. ಸ್ಟಾರ್ ಅಡ್ವೆಂಚರರ್ 2ಐ ಥರದ ಟ್ರ್ಯಾಕರ್. ಅದೇ ಕಂಪನಿಯ ಜಿಟಿಐ, ತಾನೇ ಗುರಿ ಹುಡುಕುತ್ತದೆ. ಇಲ್ಲವೇ ಕ್ಯಾಮೆರಾ ಒಳಗೇ ಇರುವ ಸ್ಮಾರ್ಟ್ ಟೆಲಿಸ್ಕೋಪ್ ಸೀಸ್ಟಾರ್ ಎಸ್50. ಕೈಯಲ್ಲಿ 60 ಸಾವಿರ ಇದೆ. ಬೈಕಿನ ಹಿಂದೆ ಕಟ್ಟುವಂತಿರಬೇಕು. ಮುಂದಿನ ಸೆಪ್ಟೆಂಬರಿನಲ್ಲಿ ಮನೆಯವಳ ಜೊತೆ ಕತ್ತಲೆ ಆಕಾಶಕ್ಕೆ ಹೆಸರಾದ ಲಡಾಖಿನ ಹಾನ್ಲೆಗೆ ಹೋಗುವ ಆಸೆಯಿದೆ, ವಿಮಾನದ 15 ಕೆಜಿ ಲಗೇಜಿನಲ್ಲಿ ಬೆಚ್ಚನೆ ಬಟ್ಟೆಯೂ ಹೋಗಬೇಕು. ಬಳಸಿದವರು ಹೇಳಿ. ಯೂಟ್ಯೂಬ್ ಎಲ್ಲ ನೋಡಿ ಆಗಿದೆ.

ಕತ್ತಲೆಪ್ರಿಯ (ಬೆಂಗಳೂರು)

ಸೀಸ್ಟಾರ್. ಯೋಚನೆ ಮಾಡಬೇಡಿ. ಎರಡೂವರೆ ಕೆಜಿ, ಟ್ರೈಪಾಡ್ ಜೊತೆಗೇ ಬರುತ್ತದೆ, ಬ್ಯಾಟರಿ ಒಳಗೇ ಇದೆ. ನೆಲದ ಮೇಲಿಟ್ಟು ಮೊಬೈಲ್‌ನಲ್ಲಿ ಒತ್ತಿದರೆ ಐದು ನಿಮಿಷದಲ್ಲಿ ಮೃಗಶಿರದ ನೀಹಾರಿಕೆ ಬಣ್ಣದಲ್ಲಿ ಬರುತ್ತದೆ. ಧ್ರುವ ಹುಡುಕುವುದು, ಫೋಕಸ್ ಹಿಡಿಯುವುದು, ಮನೆಗೆ ಬಂದು ನೂರು ಫೋಟೊ ಸೇರಿಸುವುದು ಯಾವುದೂ ಇಲ್ಲ. ಕೆಲಸಕ್ಕೆ ಹೋಗುವವನಿಗೆ ತಿಂಗಳಿಗೆ ಒಂದು ರಾತ್ರಿ ಸಿಕ್ಕರೆ ಹೆಚ್ಚು. ಆ ರಾತ್ರಿಯನ್ನು ನಟ್ಟು ಬೋಲ್ಟು ತಿರುಗಿಸುತ್ತಾ ಕಳೆಯಬೇಕಾ?

ಲುಬ್ಧಕ (ಮೈಸೂರು)

ಕತ್ತಲೆಪ್ರಿಯ ಅವರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಇವರು ಹಾನ್ಲೆಗೆ ಹೋಗುತ್ತಾರೆ. ಅಲ್ಲಿಗೆ ಹೋಗಿ ಆಕಾಶಗಂಗೆ ತೆಗೆಯದೆ ಬರುವುದುಂಟಾ? ಎಸ್50ರ ಫೋಕಲ್ ಲೆಂತ್ 250 ಎಂಎಂ. ಒಂದು ಫೋಟೊದಲ್ಲಿ ಹಿಡಿಯುವ ಆಕಾಶದ ಅಗಲ ಒಂದೂಕಾಲು ಡಿಗ್ರಿ ಚಿಲ್ಲರೆ. ಆಂಡ್ರೊಮಿಡಾ ಗೆಲಾಕ್ಸಿಯೇ ಮೂರು ಡಿಗ್ರಿ ಉದ್ದ, ಒಂದು ಚೌಕಟ್ಟಿನಲ್ಲಿ ಕೂರುವುದಿಲ್ಲ. ಬೆಟ್ಟದ ಮೇಲೆ ಆಕಾಶಗಂಗೆ ಎದ್ದು ನಿಂತ ಫೋಟೊ ಅದರಿಂದ ಬರುವುದಿಲ್ಲ. ಇವರ ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇದೆ. ಅದನ್ನು ಮನೆಯಲ್ಲಿ ಬಿಟ್ಟು ಇನ್ನೊಂದು ತರುವುದು ಯಾಕೆ?

2ಐ ತಗೊಳ್ಳಿ. ಟ್ರ್ಯಾಕರ್ ಒಂದು ಕೆಜಿ ಚಿಲ್ಲರೆ, ಐದು ಕೆಜಿವರೆಗೆ ಹೊರುತ್ತದೆ. ನಿಮ್ಮ ಕ್ಯಾಮೆರಾ ಮತ್ತು ಲೆನ್ಸ್ ಸೇರಿ ಒಂದು ಕೆಜಿಯೂ ಇಲ್ಲ. ಕೌಂಟರ್‌ವೇಟ್ (ಕ್ಯಾಮೆರಾದ ಎದುರು ಬದಿಗೆ ತೂಗಿಸುವ ಭಾರ) ಕೂಡ ಬೇಡ.

ಅಂಗಳದ_ಚುಕ್ಕಿ (ಶಿರಸಿ)

ಒಂದು ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಇದರಲ್ಲಿ ನಾನು ಒಂದು ಇಡೀ ಚಳಿಗಾಲ ಕಳೆದುಕೊಂಡಿದ್ದೇನೆ.

ಟ್ರ್ಯಾಕರ್ ಬಗ್ಗೆ ಬರೆಯುವವರು, ವೀಡಿಯೊ ಮಾಡುವವರು ಹೆಚ್ಚಿನವರು ಯುರೋಪು, ಅಮೆರಿಕದವರು. ಟ್ರ್ಯಾಕರಿನ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಗುರಿಯಿಡಬೇಕು. ಅವರಿಗೆ ಅದು ಆಕಾಶದ ಅರ್ಧ ಎತ್ತರಕ್ಕಿರುತ್ತದೆ. ನಮಗೆ? ಊರಿನ ಅಕ್ಷಾಂಶ ಎಷ್ಟೋ ಧ್ರುವದ ಎತ್ತರವೂ ಅಷ್ಟೇ. ಶಿರಸಿಗೆ ಹದಿನಾಲ್ಕೂವರೆ ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ. ಅಂದರೆ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ, ಅಷ್ಟೇ! ನಮ್ಮ ಮನೆಯ ಉತ್ತರಕ್ಕೆ ಅಡಿಕೆ ತೋಟ, ಅದರ ಹಿಂದೆ ಗುಡ್ಡ. ಟ್ರ್ಯಾಕರ್ ಬಂದು ನಾಲ್ಕು ತಿಂಗಳು ನಾನು ಧ್ರುವವನ್ನೇ ನೋಡಲಿಲ್ಲ. ಹೋಂಸ್ಟೇ ಹುಡುಕಿಕೊಂಡು ಹೋದೆ, ಅಲ್ಲೂ ಉತ್ತರಕ್ಕೆ ಕಾಡು.

ಯಾವ ಸಾಮಾನು ಎನ್ನುವ ಮೊದಲು, ನಿಮ್ಮ ಜಾಗದಲ್ಲಿ ಉತ್ತರ ಬಯಲಾಗಿದೆಯಾ ನೋಡಿ. ಹಗಲು ಹೊತ್ತಲ್ಲೇ ಹೋಗಿ ಮುಷ್ಟಿ ಹಿಡಿದು ಅಳೆಯಿರಿ.

ಎರೆಹೊಲ

ಅಕ್ಕಾ, ಇದು ನನ್ನ ತಲೆಗೇ ಬಂದಿರಲಿಲ್ಲ. ಮಾವನ ಹೊಲ ಪೂರ್ತಿ ಬಯಲು, ಎರೆ ಭೂಮಿ. ಉತ್ತರಕ್ಕೆ ಬದುವಿನ ಮೇಲೆ ಒಂದು ಹುಣಸೆಮರ ಇದೆ ಅಷ್ಟೇ. ಈ ಭಾನುವಾರ ಅಳೆದು ಬರುತ್ತೇನೆ.

ಬಂಟ_ಫೀನಿಕ್ಸ್ (ಅರಿಜೋನಾ)

ಅಂಗಳದ_ಚುಕ್ಕಿ ಹೇಳಿದ್ದು ನೂರಕ್ಕೆ ನೂರು ಸರಿ. ನಾನಿರುವ ಫೀನಿಕ್ಸ್ 33 ಡಿಗ್ರಿ. ಇಲ್ಲಿ ನಿಂತುಕೊಂಡೇ, ಧ್ರುವ ಹಿಡಿಯಲು ಟ್ರ್ಯಾಕರಿನಲ್ಲಿರುವ ಸಣ್ಣ ದುರ್ಬೀನು, ಅಂದರೆ ಪೋಲಾರ್ ಸ್ಕೋಪ್‌ನಲ್ಲಿ ಕಣ್ಣಿಡುತ್ತೇನೆ. ಅದೇ ಟ್ರ್ಯಾಕರ್ ಕಟ್ಟಿಕೊಂಡು ಉಡುಪಿಯ ಮನೆಗೆ ಬಂದೆ. ಧ್ರುವ 13 ಡಿಗ್ರಿ. ಟ್ರ್ಯಾಕರ್ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿ ಮಲಗಿತು. ಅದರ ಹಿಂದೆ ಕಣ್ಣಿಡಬೇಕೆಂದರೆ ಕುತ್ತಿಗೆ ತಿರುಚಿ ಮೊಣಕಾಲೂರಬೇಕು. ಕರಾವಳಿಯ ಮಬ್ಬಿನಲ್ಲಿ ಅಷ್ಟು ಕೆಳಗೆ ಧ್ರುವ ಕಂಡರೆ ಪುಣ್ಯ.

ಎರೆಹೊಲ ಅವರಿಗೆ ಒಂದು ಸಮಾಧಾನ. ಹಾನ್ಲೆಯ ಅಕ್ಷಾಂಶ ಹತ್ತಿರ ಹತ್ತಿರ 33. ನರಗುಂದದಲ್ಲಿ ಕಲಿತವರಿಗೆ ಹಾನ್ಲೆಯಲ್ಲಿ ಧ್ರುವ ಹಿಡಿಯುವುದು ಸಲೀಸು.

ಮೂರುಕಾಲು (ತುಮಕೂರು)

ಟ್ರೈಪಾಡ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನಗೆ ಇದೇ ಬೇಸರ. ಟ್ರ್ಯಾಕರಿಗೆ ಮೂವತ್ತು ನಲವತ್ತು ಸಾವಿರ ಸುರಿದು, ಅದನ್ನು ಮದುವೆ ವೀಡಿಯೊದವರ ಪ್ಲಾಸ್ಟಿಕ್ ಟ್ರೈಪಾಡ್ ಮೇಲೆ ಕೂರಿಸುತ್ತಾರೆ. ಆಮೇಲೆ ಟ್ರ್ಯಾಕರ್ ಸರಿಯಿಲ್ಲ ಅನ್ನುತ್ತಾರೆ.

ನಮ್ಮ ಅಕ್ಷಾಂಶದಲ್ಲಿ ಇದು ಇನ್ನೂ ಮುಖ್ಯ. ಟ್ರ್ಯಾಕರ್ ಮಲಗಿರುವುದರಿಂದ ಕ್ಯಾಮೆರಾ ಭಾರವೆಲ್ಲ ಉತ್ತರದ ಕಡೆಗೆ ವಾಲುತ್ತದೆ. ಒಂದು ಕಾಲು ಸರಿಯಾಗಿ ಉತ್ತರಕ್ಕೆ ಇಡಿ. ನಡುಕಂಬ ಮೇಲೆತ್ತಲೇಬೇಡಿ. ಕೆಳಗಿನ ಸಣ್ಣ ಕಾಲುಗಳನ್ನು ಹೊರಗೆಳೆಯಬೇಡಿ, ಅಲುಗಾಟ ಶುರುವಾಗುವುದೇ ಅಲ್ಲಿಂದ.

ಲುಬ್ಧಕ

ಒಂದು ಕಾಲು ಉತ್ತರಕ್ಕೆ ಅನ್ನುವುದು ಕೌಂಟರ್‌ವೇಟ್ ಇಲ್ಲದಿದ್ದರೆ ಮಾತ್ರ ಸರಿ. ಕೌಂಟರ್‌ವೇಟ್ ಸರಳು ಕೆಳಕ್ಕೆ ಬಂದಾಗ ಆ ಕಾಲಿಗೇ ಹೊಡೆಯುತ್ತದೆ. ನನ್ನದು ಹಾಗೆ ಹೊಡೆದು ರಾತ್ರಿಯಿಡೀ ಮೋಟಾರ್ ಒದ್ದಾಡಿತ್ತು. ಎರಡು ಕಾಲು ಉತ್ತರಕ್ಕೆ, ನಡುವೆ ಸರಳು ಓಡಾಡಲು ಜಾಗ.

ಮೂರುಕಾಲು

ಎರಡು ಕಾಲು ಉತ್ತರಕ್ಕಿಟ್ಟರೆ ಭಾರ ಎರಡು ಕಾಲಿನ ನಡುವಿನ ಗೆರೆ ದಾಟುತ್ತದೆ ಸರ್. ಮೂರನೇ ಕಾಲು ಏಳುತ್ತದೆ.

ಲುಬ್ಧಕ

ಕಾಲು ಅಗಲ ಮಾಡಿ, ದಕ್ಷಿಣದ ಕಾಲಿನ ಬುಡಕ್ಕೆ ಬ್ಯಾಗ್ ಕಟ್ಟಿ. ಏಳುವುದಿಲ್ಲ. ನಾನು ಮೂರು ವರ್ಷದಿಂದ ಹೀಗೇ ಇಡುತ್ತಿದ್ದೇನೆ.

ಮೂರುಕಾಲು

ಬ್ಯಾಗ್ ನೆಲ ಮುಟ್ಟಿರಬೇಕು, ಗಾಳಿಗೆ ತೂಗಾಡಿದರೆ ಇನ್ನೂ ಕೆಟ್ಟದ್ದು. ಅಷ್ಟು ಮಾಡಿದರೆ ಒಪ್ಪುತ್ತೇನೆ. ಆದರೆ ಎರೆಹೊಲ ಅವರ 35 ಎಂಎಂಗೆ ಕೌಂಟರ್‌ವೇಟ್ ಬೇಡವೇ ಬೇಡ. ಅವರಿಗೆ ಒಂದು ಕಾಲು ಉತ್ತರಕ್ಕೆ.

ಬಯಲುಸೀಮೆ_ರೈತ (ರೋಣ)

ನಮ್ಮ ಕಡೆಯವರು ಬಂದಿದ್ದೀರಿ, ಖುಷಿಯಾಯಿತು ನೋಡ್ರಿ. ಎರೆ ಭೂಮಿಯಲ್ಲಿ ಟ್ರೈಪಾಡ್ ಇಡುವಾಗ ಹುಷಾರು. ಮಳೆ ಆದಮೇಲೆ ಎರಡು ತಿಂಗಳಾದರೂ ಒಳಗೆ ಹಸಿ ಇರುತ್ತದೆ. ಮೇಲೆ ಒಣಗಿದಂತೆ ಕಾಣುತ್ತದೆ, ಗಂಟೆ ಕಳೆದರೆ ಕಾಲು ಬೆರಳುದ್ದ ಇಳಿದಿರುತ್ತದೆ. ಮೂರು ಚಪ್ಪಟೆ ಕಲ್ಲು ಹಾಸಿ ಅದರ ಮೇಲೆ ಕಾಲು ಇಡಿ. ಬೇಸಿಗೆಯಲ್ಲಾದರೆ ನೆಲ ಬಿರುಕು ಬಿಟ್ಟಿರುತ್ತದೆ, ಬಿರುಕಿನ ಅಂಚಿಗೆ ಇಡಬೇಡಿ.

ಇನ್ನೊಂದು. ಗದಗ ಕಡೆ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತವೆ. ನಕ್ಷತ್ರದ ಜೊತೆ ನೆಲವೂ ಬೇಕೆಂದು ತೆಗೆದರೆ ಅವೇ ಎದ್ದು ಕಾಣುತ್ತವೆ. ಆ ದಿಕ್ಕು ಬಿಟ್ಟು ನಿಲ್ಲಿ.

ಹೊಸಬಳು_ನಾನು

ಕ್ಷಮಿಸಿ, ನನ್ನ ಹತ್ತಿರ ಟ್ರ್ಯಾಕರ್ ಇಲ್ಲ. 18-55 ಲೆನ್ಸ್ ಮಾತ್ರ. ಏನೂ ಆಗುವುದಿಲ್ಲವಾ?

ಅಂಗಳದ_ಚುಕ್ಕಿ

ಯಾಕಾಗಲ್ಲ? 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ನಿಮ್ಮದು ಸಣ್ಣ ಸೆನ್ಸರ್ ಆದರೆ ಇನ್ನೊಮ್ಮೆ ಒಂದೂವರೆಯಿಂದ ಭಾಗಿಸಿ. 18 ಎಂಎಂಗೆ 18 ಸೆಕೆಂಡ್ ಬರುತ್ತದೆ. ನಾನಾದರೆ 12ಕ್ಕೆ ನಿಲ್ಲಿಸುತ್ತೇನೆ, ಚುಕ್ಕಿ ಇನ್ನೂ ದುಂಡಗಿರುತ್ತದೆ. ಅಂಥ ನೂರು ಫೋಟೊ ಒಂದೇ ಜಾಗಕ್ಕೆ ತೆಗೆದು, ಫೋಟೊ ಸೇರಿಸುವ ತಂತ್ರಾಂಶಗಳಾದ ಸೀಕ್ವೆಟರ್ ಅಥವಾ ಸಿರಿಲ್‌ನಲ್ಲಿ ಸೇರಿಸಿ. ಎರಡೂ ಪುಕ್ಕಟೆ. ನಾಲ್ಕು ಪಟ್ಟು ಫೋಟೊ ಸೇರಿಸಿದರೆ ಫೋಟೊದ ಕಾಳು ಕಾಳು (ನಾಯ್ಸ್) ಅರ್ಧಕ್ಕಿಳಿಯುತ್ತದೆ. ನನ್ನ ಮೊದಲ ಆಕಾಶಗಂಗೆ ಬಂದಿದ್ದು ಹೀಗೇ.

ಕತ್ತಲೆಪ್ರಿಯ

ಧ್ರುವ ಕಾಣದವರಿಗೆ ಸೀಸ್ಟಾರೇ ಸರಿ ಎಂದು ನೀವೇ ಸಾಬೀತು ಮಾಡಿದಿರಿ, ಅಲ್ವಾ? ಅದಕ್ಕೆ ಧ್ರುವವೇ ಬೇಡ. ಆಕಾಶದ ಯಾವುದೋ ತುಂಡು ನೋಡಿ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ.

ಗಣಿತಮೇಷ್ಟ್ರು (ಹಾಸನ)

ಕತ್ತಲೆಪ್ರಿಯ ಸರ್, ಅದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಯಂತ್ರ. ನಕ್ಷತ್ರವನ್ನು ನಡುವೆ ಹಿಡಿದಿಡುತ್ತದೆ, ಆದರೆ ಚೌಕಟ್ಟು ನಿಧಾನ ತಿರುಗುತ್ತಾ ಹೋಗುತ್ತದೆ. ಮೂಲೆಗಳು ಹಾಳಾಗುತ್ತವೆ. ನೆತ್ತಿಯ ಹತ್ತಿರ ಇದು ಬಹಳ ಜೋರು. ನಮ್ಮ ಊರುಗಳಲ್ಲಿ ಮೃಗಶಿರದ ನೀಹಾರಿಕೆ 70 ಡಿಗ್ರಿ ಮೇಲೇರುತ್ತದೆ. ಆಗ ಗಂಟೆಗೆ 40 ಡಿಗ್ರಿಗಿಂತ ಜಾಸ್ತಿ ತಿರುಗುತ್ತದೆ.

ಇದನ್ನು ತಪ್ಪಿಸಲು ಸೀಸ್ಟಾರ್ ಅನ್ನು ಧ್ರುವದ ಕಡೆ ಓರೆ ಮಾಡಿ ನಿಲ್ಲಿಸುವ ವಿಧಾನವೂ ಬಂದಿದೆ. ಲಂಡನ್ನಿನಲ್ಲಿ ಅದು ಸುಲಭ, ಅಲ್ಲಿ 40 ಡಿಗ್ರಿ ಓರೆ ಮಾಡಿದರೆ ಸಾಕು. ನರಗುಂದದಲ್ಲಿ? ಸುಮಾರು 74 ಡಿಗ್ರಿ. ಯಂತ್ರ ಅಡ್ಡಡ್ಡ ಮಲಗುತ್ತದೆ. ಆ ಸಣ್ಣ ಟ್ರೈಪಾಡ್ ಮೇಲೆ ಹಾಗೆ ನಿಲ್ಲಿಸಲು ನನಗೆ ಧೈರ್ಯ ಬರಲಿಲ್ಲ.

ಆದರೆ ನಮಗೊಂದು ಲಾಭವೂ ಇದೆ. ಇಲ್ಲಿ ನಕ್ಷತ್ರಗಳು ಪೂರ್ವದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತವೆ. ಸರಿಯಾಗಿ ಪೂರ್ವದಲ್ಲಿದ್ದಾಗ ಚೌಕಟ್ಟು ತಿರುಗುವುದೇ ಇಲ್ಲ ಅನ್ನಬಹುದು. ನೆತ್ತಿಗೆ ಬರುವವರೆಗೆ ಕಾಯಬೇಡಿ, ಪೂರ್ವದಲ್ಲಿ ಮೂವತ್ತರಿಂದ ಅರವತ್ತು ಡಿಗ್ರಿ ಇರುವಾಗಲೇ ತೆಗೆದುಬಿಡಿ. ನಮ್ಮ ಶಾಲೆಯ ಮಕ್ಕಳಿಗೆ ನಾನು ಸೀಸ್ಟಾರ್‌ನಲ್ಲೇ ತೋರಿಸುವುದು. ನಲವತ್ತು ಮಕ್ಕಳು ಒಂದೇ ಫೋನ್ ಸುತ್ತ ನಿಂತು, ಚಿತ್ರ ನಿಧಾನ ಮೂಡುವುದನ್ನು ನೋಡುತ್ತಾರೆ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ.

ಕತ್ತಲೆಪ್ರಿಯ

ಪೂರ್ವದ ವಿಷಯ ಗೊತ್ತಿರಲಿಲ್ಲ ಮೇಷ್ಟ್ರೇ. ಧನ್ಯವಾದ. ಇವತ್ತೇ ನೋಡುತ್ತೇನೆ. ಆದರೂ ನಾನು ನನ್ನ ಮಾತು ಬಿಡುವುದಿಲ್ಲ.

ಗಣಿತಮೇಷ್ಟ್ರು

ಧ್ರುವ ಕಾಣದಿದ್ದರೆ ಟ್ರ್ಯಾಕರ್ ದಂಡ ಎಂದುಕೊಳ್ಳುವುದೂ ಬೇಡ. ಲೆಕ್ಕ ಹಾಕೋಣ. ಅಕ್ಷ ಒಂದು ಡಿಗ್ರಿ ತಪ್ಪಿದ್ದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 16 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ) ಸರಿಯುತ್ತದೆ. ಡಿ5600ರಲ್ಲಿ 35 ಎಂಎಂ ಲೆನ್ಸ್ ಹಾಕಿದರೆ ಒಂದು ಪಿಕ್ಸೆಲ್ ಅಂದರೆ ಸುಮಾರು 23 ಆರ್ಕ್‌ಸೆಕೆಂಡ್. ಒಂದು ನಿಮಿಷಕ್ಕೆ ಮುಕ್ಕಾಲು ಪಿಕ್ಸೆಲ್ಲೂ ಸರಿಯಲಿಲ್ಲ. ಗೊತ್ತೇ ಆಗುವುದಿಲ್ಲ. 135 ಎಂಎಂನಲ್ಲಿ ಎರಡೂವರೆ ಪಿಕ್ಸೆಲ್, ಆಗ ಅರ್ಧ ನಿಮಿಷಕ್ಕೆ ಇಳಿಸಬೇಕು. 300ರಲ್ಲಿ ಆರು ಪಿಕ್ಸೆಲ್, ಅಲ್ಲಿ ಧ್ರುವ ಬೇಕೇ ಬೇಕು.

ಸುಮಾರಾಗಿ ಗುರಿ ಹಿಡಿಯುವುದು ಮೊಬೈಲಿನ ದಿಕ್ಸೂಚಿ ಮತ್ತು ಓರೆ ಅಳೆಯುವ ಆಪ್‌ನಿಂದ ಸಾಧ್ಯ, ಆದರೆ ಫೋನಿನ ದಿಕ್ಸೂಚಿ ಕೆಲವು ಡಿಗ್ರಿ ತಪ್ಪಬಹುದು. ನಮ್ಮ ರಾಜ್ಯದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಎರಡು ಡಿಗ್ರಿಗಿಂತ ಕಡಿಮೆ ವ್ಯತ್ಯಾಸ. ಆಪ್‌ನಲ್ಲಿ ನಿಜವಾದ ಉತ್ತರ ಆರಿಸಿಕೊಂಡರೆ ಅದೂ ಹೋಯಿತು. ಫೋನನ್ನು ಟ್ರ್ಯಾಕರಿನ ಕಬ್ಬಿಣದ ಹತ್ತಿರ ಹಿಡಿಯಬೇಡಿ, ಮುಳ್ಳು ಅಲುಗಾಡುತ್ತದೆ. ದೂರ ನಿಂತು ಗುರುತು ನೋಡಿಕೊಂಡು ಬಂದು ತಿರುಗಿಸಿ.

ಅಂಗಳದ_ಚುಕ್ಕಿ

ಮೇಷ್ಟ್ರೇ, ಈ ಲೆಕ್ಕ ನನಗೆ ಎರಡು ವರ್ಷ ಮೊದಲು ಸಿಕ್ಕಿದ್ದರೆ! ಅಡಿಕೆ ತೋಟದ ಹಿಂದಿನ ಧ್ರುವಕ್ಕಾಗಿ ಎಷ್ಟು ರಾತ್ರಿ ಕಾದಿದ್ದೆ.

ಜಾಣಕೀಲಿ (ಬೆಳಗಾವಿ)

ಕೀ ಕೊಟ್ಟು ಓಡಿಸುವ ಟ್ರ್ಯಾಕರ್ ಕೂಡ ಇದೆ. ಓಮೆಗಾನ್ ಮಿನಿಟ್ರ್ಯಾಕ್. ಒಳಗೆ ಗಡಿಯಾರದಂತೆ ಸ್ಪ್ರಿಂಗ್. ಬ್ಯಾಟರಿಯೇ ಇಲ್ಲ. ಒಮ್ಮೆ ಕೀ ಕೊಟ್ಟರೆ ಒಂದು ಗಂಟೆ. ಸಣ್ಣದು ಅರ್ಧ ಕೆಜಿಗಿಂತ ಕಡಿಮೆ. ಬೈಕಿನವರಿಗೆ ಹೇಳಿ ಮಾಡಿಸಿದ್ದು. ಅಗಲದ ಲೆನ್ಸಿಗೆ ಮಾತ್ರ.

ಎರೆಹೊಲ

ಜಿಟಿಐ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಲುಬ್ಧಕ

ಜಿಟಿಐ ಒಳ್ಳೆಯ ಯಂತ್ರ. ಎರಡೂ ಅಕ್ಷಕ್ಕೆ ಮೋಟಾರ್ ಇದೆ, ಫೋನಿನಲ್ಲಿ ಹೆಸರು ಒತ್ತಿದರೆ ಅಲ್ಲಿಗೆ ಹೋಗುತ್ತದೆ. ಮುಂದೆ ಸಣ್ಣ ಟೆಲಿಸ್ಕೋಪ್ ಹಾಕುವ ಯೋಚನೆ ಇದ್ದರೆ ಅದೇ. ಆದರೆ ಯಂತ್ರವೇ ಎರಡೂವರೆ ಕೆಜಿ ದಾಟುತ್ತದೆ, ಕೌಂಟರ್‌ವೇಟ್ ಬೇರೆ, ಅದಕ್ಕೆ ತಕ್ಕ ಟ್ರೈಪಾಡ್ ಬೇರೆ. 35 ಎಂಎಂಗೆ ಗುರಿ ಹುಡುಕುವ ಯಂತ್ರ ಯಾಕೆ? ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ಎಲ್ಲಿದ್ದಾನೆಂದು ಬರಿಗಣ್ಣಿಗೇ ಗೊತ್ತಾಗುತ್ತದೆ. ಉಳಿದ ದುಡ್ಡಿನಲ್ಲಿ ಸಮ್ಯಾಂಗ್ 135 ಎಂಎಂ ಎಫ್/2 ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ನಕ್ಷತ್ರದ ಮಟ್ಟಿಗೆ ಆ ಲೆನ್ಸ್ ಬಂಗಾರ.

ವಿಮಾನಕ್ಕೊಂದು ಉಪಾಯ. ಕೌಂಟರ್‌ವೇಟ್ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಹೋದಮೇಲೆ ನೀರಿನ ಬಾಟಲಿ ತುಂಬಿಸಿ ಸರಳಿಗೆ ಬಿಗಿಯಾಗಿ ಕಟ್ಟಿ. ಲೀಟರಿಗೆ ಒಂದು ಕೆಜಿ, ಸರಿಯಾಗಿ ತೂಕ.

ಹೊಸಕೋಟೆ_ದಾರಿ (ಬೆಂಗಳೂರು ಗ್ರಾಮಾಂತರ)

ಹಾನ್ಲೆಗೆ ಹೋಗಿ ಬಂದವಳು ನಾನು, ಅಕ್ಟೋಬರಿನಲ್ಲಿ. ಕೆಲವು ಮಾತು.

ಲೇಹ್‌ನಲ್ಲಿ ಎರಡು ದಿನ ಪೂರ್ತಿ ಮಲಗಿ, ಆಮೇಲೆ ಹೊರಡಿ. ಲೇಹ್ 3500 ಮೀಟರ್, ಹಾನ್ಲೆಯ ವೀಕ್ಷಣಾಲಯ 4500. ಅಲ್ಲಿ ಟ್ರೈಪಾಡ್ ಎತ್ತಿ ಇಪ್ಪತ್ತು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ. ಆಗ ಅರ್ಥವಾಗುತ್ತದೆ, ಹಗುರ ಸಾಮಾನು ಅಂದರೆ ಏನು ಎಂದು. ನನ್ನ ಜೊತೆ ಬಂದವರು ಹದಿನೆಂಟು ಕೆಜಿ ಸೆಟ್ ತಂದಿದ್ದರು. ಮೊದಲ ರಾತ್ರಿ ತಲೆನೋವಿನಲ್ಲಿ ಅದನ್ನು ಬಿಚ್ಚಲೂ ಇಲ್ಲ.

ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗಿತ್ತು. ಇಲ್ಲಿ ನಾಲ್ಕು ಗಂಟೆ ಬರುತ್ತಿದ್ದ ಕ್ಯಾಮೆರಾ ಬ್ಯಾಟರಿ ಅಲ್ಲಿ ಎರಡು ಗಂಟೆಗೆ ಕೈಕೊಟ್ಟಿತು. ಮೂರು ಬ್ಯಾಟರಿ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಹೋಗಬೇಕು, ಚೆಕ್-ಇನ್‌ನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆ ಇಲ್ಲ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ಆರಾಮ.

2022ರಲ್ಲಿ ಆ ಪ್ರದೇಶವನ್ನು ಕತ್ತಲೆ ಆಕಾಶದ ಕಾಪುಪ್ರದೇಶ ಎಂದು ಗುರುತಿಸಿದ್ದಾರೆ. ಊರವರು ಕಿಟಕಿಗೆ ದಪ್ಪ ಪರದೆ ಹಾಕುತ್ತಾರೆ. ನಾವು ಬಿಳಿ ಟಾರ್ಚ್ ಹಚ್ಚಿದರೆ ಅವರ ಶ್ರಮವೆಲ್ಲ ನೀರುಪಾಲು. ಕೆಂಪು ದೀಪ ಮಾತ್ರ. ಕಾರಿನ ಬಾಗಿಲು ತೆರೆದಾಗ ಒಳಗಿನ ದೀಪ ಹತ್ತದಂತೆ ಮೊದಲೇ ನೋಡಿಕೊಳ್ಳಿ.

ಅಲ್ಲಿರುವ ಎರಡು ಮೀಟರಿನ, ವಿಜ್ಞಾನಿ ಚಂದ್ರಶೇಖರ್ ಹೆಸರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುವುದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದಲ್ಲಿ. ದಿನಾ ಆ ದಾರಿಯಲ್ಲೇ ಓಡಾಡುತ್ತಿದ್ದೆ. ಹಾನ್ಲೆಯಲ್ಲಿ ಆ ಬಿಳಿ ಗುಮ್ಮಟ ತಿರುಗುವುದನ್ನು ಕಂಡಾಗ ಕಣ್ಣು ತುಂಬಿ ಬಂತು.

ಎರೆಹೊಲ

ಅಕ್ಕಾ, ಇದನ್ನು ಮನೆಯವಳಿಗೆ ಓದಿ ಹೇಳಿದೆ. ಮೊದಲು ನೀವು ಎರಡು ದಿನ ಮಲಗಿ, ಕ್ಯಾಮೆರಾ ಆಮೇಲೆ ಅಂದಳು.

ಬಂಟ_ಫೀನಿಕ್ಸ್

ಊರವರು ದೀಪ ಮುಚ್ಚುವ ಮಾತು ಬಂತಲ್ಲ. ಇಲ್ಲಿಂದ ಎರಡು ಗಂಟೆ ದಾರಿಯಲ್ಲಿ ಫ್ಲಾಗ್‌ಸ್ಟಾಫ್ ಅಂತ ಊರಿದೆ. 1958ರಲ್ಲೇ ಜಾಹೀರಾತಿನ ಸರ್ಚ್‌ಲೈಟ್ ನಿಷೇಧಿಸಿದ ಊರು. 2001ರಲ್ಲಿ ಜಗತ್ತಿನ ಮೊದಲ ಕತ್ತಲೆ ಆಕಾಶದ ಊರು ಎಂದು ಹೆಸರಾಯಿತು. ಬೀದಿದೀಪಗಳಿಗೆಲ್ಲ ಟೋಪಿ ಇದೆ, ಬೆಳಕು ನೆಲಕ್ಕೆ ಮಾತ್ರ ಬೀಳುತ್ತದೆ. ಪೇಟೆ ನಡುವೆ ನಿಂತು ಆಕಾಶಗಂಗೆ ನೋಡಿದ್ದೇನೆ. ನಮ್ಮ ಹಳ್ಳಿಗಳಲ್ಲಿ ಈಗ ಬಿಳಿ ಎಲ್‌ಇಡಿ ಹಾಕುತ್ತಿದ್ದಾರೆ, ಒಂದಷ್ಟು ಬೆಳಕು ಮೇಲಕ್ಕೇ ಹೋಗುತ್ತದೆ. ಒಂದು ತಗಡಿನ ಟೋಪಿ ಸಾಕು.

ಬಯಲುಸೀಮೆ_ರೈತ

ನಮ್ಮ ಓಣಿಯ ದೀಪಕ್ಕೆ ಪಂಚಾಯಿತಿಯಲ್ಲಿ ಕೇಳಿ ಒಂದು ತಗಡು ಕಟ್ಟಿಸಿದೆವು. ಹುಳ ಬರುವುದು ಕಡಿಮೆಯಾಯಿತು ಎಂದು ಜನ ಒಪ್ಪಿದರು. ನಕ್ಷತ್ರ ಎಂದಿದ್ದರೆ ಒಪ್ಪುತ್ತಿರಲಿಲ್ಲ.

ಮಲೆನಾಡ_ಮಂಜು (ಸಕಲೇಶಪುರ)

ಮಲೆನಾಡಿನ ಕಡೆ ಬರುವವರಿಗೆ ಎರಡು ಎಚ್ಚರಿಕೆ. ಒಂದು, ಆನೆ. ರಾತ್ರಿ ತೋಟದ ದಾರಿಯಲ್ಲಿ ಒಬ್ಬೊಬ್ಬರೇ ನಿಲ್ಲಬೇಡಿ. ಊರವರನ್ನು ಕೇಳದೆ ಎಲ್ಲೂ ಇಳಿಯಬೇಡಿ. ಕಾಡೊಳಗೆ ರಾತ್ರಿ ಬಿಡುವುದೂ ಇಲ್ಲ, ಬಿಡಲೂಬಾರದು. ಎರಡು, ಇಬ್ಬನಿ. ಡಿಸೆಂಬರಿನಲ್ಲಿ ಹತ್ತು ಗಂಟೆಗೆಲ್ಲ ಲೆನ್ಸ್ ಬೆವರುತ್ತದೆ. ಫೋಟೊ ಮಸುಕಾಗುತ್ತಾ ಹೋಗುತ್ತದೆ, ಫೋಕಸ್ ಹೋಯಿತು ಎಂದುಕೊಳ್ಳುತ್ತೇವೆ. ಲೆನ್ಸಿನ ಮೂತಿಗೆ ಸುತ್ತುವ ಯುಎಸ್‌ಬಿ ಬಿಸಿಪಟ್ಟಿ ಸಿಗುತ್ತದೆ, ಮೊದಲು ಅದನ್ನು ತಗೊಳ್ಳಿ.

ಅಂಗಳದ_ಚುಕ್ಕಿ

ಬಿಸಿಪಟ್ಟಿಗೆ ಇನ್ನೊಂದು ಉಪಯೋಗವಿದೆ. ಟ್ರ್ಯಾಕರ್ ಎಳೆಯುವ ವಿದ್ಯುತ್ ಬಹಳ ಕಡಿಮೆ. ಕೆಲವು ಪವರ್ ಬ್ಯಾಂಕ್‌ಗಳು ಏನೂ ಜೋಡಿಸಿಲ್ಲ ಎಂದುಕೊಂಡು ಅರ್ಧ ನಿಮಿಷಕ್ಕೆ ಆಫ್ ಆಗುತ್ತವೆ. ನಾನು ಟ್ರ್ಯಾಕರ್ ಕೆಟ್ಟಿದೆ ಎಂದು ಮಾರಿದವರಿಗೆ ವಾಪಸ್ ಕಳಿಸಿ, ಅವರು ಚೆನ್ನಾಗಿದೆ ಎಂದು ಮತ್ತೆ ಕಳಿಸಿ, ಒಂದು ತಿಂಗಳು ಹೋಯಿತು. ಬಿಸಿಪಟ್ಟಿಯನ್ನೂ ಅದೇ ಪವರ್ ಬ್ಯಾಂಕ್‌ಗೆ ಹಾಕಿದ ದಿನದಿಂದ ಒಮ್ಮೆಯೂ ಆಫ್ ಆಗಿಲ್ಲ.

ಲುಬ್ಧಕ

ಇದು ಚಿನ್ನದಂಥ ಮಾತು. 2ಐಗೆ ನಾಲ್ಕು ಪೆನ್ಸಿಲ್ ಸೆಲ್ ಕೂಡ ಆಗುತ್ತದೆ. ಬ್ಯಾಗಿನಲ್ಲಿ ಇಟ್ಟಿರಿ.

ಅಜ್ಜಿಯಮೊಮ್ಮಗ (ಧಾರವಾಡ)

ವಿಷಯ ಬಿಟ್ಟು ಮಾತಾಡುತ್ತೇನೆ, ಬೈಯಬೇಡಿ. ನಮ್ಮಜ್ಜಿ ಅಗಸ್ತ್ಯ ನಕ್ಷತ್ರ ಕಂಡರೆ ಹೊಳೆ ನೀರು ತಿಳಿಯಾಯಿತು ಅನ್ನುತ್ತಿದ್ದಳು. ಅದು ಹಾನ್ಲೆಯಲ್ಲಿ ಕಾಣುತ್ತದಾ?

ಗಣಿತಮೇಷ್ಟ್ರು

ಕಾಣುತ್ತದೆ, ಆದರೆ ದಿಗಂತದಿಂದ ನಾಲ್ಕೂವರೆ ಡಿಗ್ರಿಯಷ್ಟೇ, ಬೆಟ್ಟ ಅಡ್ಡ ಬರದಿದ್ದರೆ. ಧಾರವಾಡದಲ್ಲಿ 22 ಡಿಗ್ರಿ. ವಿಷಯ ಬಿಟ್ಟ ಮಾತೇನಲ್ಲ ಇದು! ಧ್ರುವ ಕೆಳಗಿದೆ ಎಂದು ನಾವು ಗೋಳಾಡುತ್ತೇವೆ, ಅದೇ ಕಾರಣಕ್ಕೆ ದಕ್ಷಿಣದ ಆಕಾಶ ನಮಗೆ ತೆರೆದಿದೆ. ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ನಮಗೆ 27 ಡಿಗ್ರಿ ಮೇಲೆ, ಹಾನ್ಲೆಗೆ ಹತ್ತು. ತ್ರಿಶಂಕು ನಮಗೆ ಪೂರ್ತಿ ಕಾಣುತ್ತದೆ. ಆಕಾಶಗಂಗೆಯ ನಡುಭಾಗ ನಮಗೆ 45 ಡಿಗ್ರಿ ಏರುತ್ತದೆ, ಅಲ್ಲಿ 28. ಹಾನ್ಲೆಯ ಕತ್ತಲೆಗೆ ಸಮ ಇಲ್ಲ. ಆದರೆ ದಕ್ಷಿಣದ್ದನ್ನು ತೆಗೆಯಲು ನರಗುಂದದ ಹೊಲವೇ ಮೇಲು.

ಬಯಲುಸೀಮೆ_ರೈತ

ಮಳೆ ನಕ್ಷತ್ರಗಳ ವಿಷಯವೂ ಹೇಳಿ ಮೇಷ್ಟ್ರೇ. ಆದ್ರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಅನ್ನುತ್ತೇವಲ್ಲ. ಆರಿದ್ರಾ ಮಳೆಯಾಗುವಾಗ ಆರಿದ್ರಾ ನಕ್ಷತ್ರ ಕಾಣುತ್ತದಾ?

ಗಣಿತಮೇಷ್ಟ್ರು

ಇಲ್ಲ. ಆಗ ಸೂರ್ಯ ಆ ನಕ್ಷತ್ರದ ಕಡೆ ಇರುತ್ತಾನೆ. ಹಗಲೆಲ್ಲ ಜೊತೆಗಿದ್ದು ಸಂಜೆ ಜೊತೆಗೇ ಮುಳುಗುತ್ತದೆ. ಅದನ್ನು ನೋಡಬೇಕೆಂದರೆ ಈಗ, ಚಳಿಗಾಲದಲ್ಲಿ. ಮಹಾವ್ಯಾಧನ ಭುಜದ ಕೆಂಪು ಚುಕ್ಕಿ ಅದೇ.

ಎರೆಹೊಲ

ತೀರ್ಮಾನ ಮಾಡಿದೆ. 2ಐ, ಬೆಳಗಾವಿಯಲ್ಲಿ ಒಬ್ಬರು ಬಳಸಿದ್ದು ಕೊಡುತ್ತಿದ್ದಾರೆ. ಗಟ್ಟಿ ಅಲ್ಯೂಮಿನಿಯಂ ಟ್ರೈಪಾಡ್, ಬಿಸಿಪಟ್ಟಿ. 135 ಲೆನ್ಸ್ ಹಾನ್ಲೆಗೆ ಮೊದಲು. ಹುಣಸೆಮರ ಅಳೆದೆ, ಒಂದೂವರೆ ಮುಷ್ಟಿಗೆ ಸ್ವಲ್ಪ ಕಡಿಮೆ. ಧ್ರುವ ಅದರ ಮೇಲೆ ಕಾಣಬೇಕು. ಎಳ್ಳಮಾವಾಸ್ಯೆಗೆ ಹೇಗೂ ಎಲ್ಲರೂ ಹೊಲದಲ್ಲೇ ಇರುತ್ತೇವೆ. ಅಂದೇ ರಾತ್ರಿ ಮೊದಲ ಪ್ರಯತ್ನ.

ಕತ್ತಲೆಪ್ರಿಯ

ಒಳ್ಳೆಯದಾಗಲಿ. ಧ್ರುವ ಸಿಗದಿದ್ದರೆ ನನ್ನ ಸೀಸ್ಟಾರ್ ಕಳಿಸಿಕೊಡುತ್ತೇನೆ, ನಿಜವಾಗಿಯೂ.

ಎರೆಹೊಲ

ಎಳ್ಳಮಾವಾಸ್ಯೆ ಮುಗಿಸಿ ಬಂದೆ. ಎಲ್ಲ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗವಾಗಲಿ.

ಮಧ್ಯಾಹ್ನ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಊಟ ಆದಮೇಲೆ ಎಲ್ಲರೂ ಊರಿಗೆ ಹೋದರು. ನಾನು, ಮಾವ ಉಳಿದೆವು. ಬೆಳಕಿರುವಾಗಲೇ ಮೂರು ಚಪ್ಪಟೆ ಕಲ್ಲು ಹಾಸಿ ಟ್ರೈಪಾಡ್ ಇಟ್ಟೆ, ಒಂದು ಕಾಲು ಉತ್ತರಕ್ಕೆ. ದಿಕ್ಸೂಚಿ ನೋಡಿ ಸುಮಾರಾಗಿ ತಿರುಗಿಸಿದೆ. ಕತ್ತಲಾದ ಮೇಲೆ ಗೋಣಿಚೀಲ ಹಾಸಿ ಅದರ ಮೇಲೆ ಅಂಗಾತ ಮಲಗಿ ಪೋಲಾರ್ ಸ್ಕೋಪ್‌ಗೆ ಕಣ್ಣಿಟ್ಟೆ. ಮೊದಲು ಏನೂ ಕಾಣಲಿಲ್ಲ, ಮಬ್ಬು. ಏಳೂವರೆ ಹೊತ್ತಿಗೆ ಗಾಳಿ ಬಂದು ಧೂಳು ಸರಿಯಿತು. ಹುಣಸೆಯ ತುದಿಕೊಂಬೆಯ ಮೇಲೆ ಒಂದೇ ಒಂದು ಚುಕ್ಕಿ. ಗಾಳಿಗೆ ಕೊಂಬೆ ಆಡಿದಾಗ ಎಲೆ ಅದನ್ನು ಮುಟ್ಟಿ ಮುಟ್ಟಿ ಬರುತ್ತಿತ್ತು. ಕೈ ನಡುಗುತ್ತಿತ್ತು, ಸ್ಕ್ರೂ ತಿರುಗಿಸಲು ಹತ್ತು ನಿಮಿಷ ಬೇಕಾಯಿತು.

ಫೋಕಸ್‌ಗೆ ಲುಬ್ಧಕ (ಸಿರಿಯಸ್) ನಕ್ಷತ್ರವನ್ನೇ ಪರದೆಯಲ್ಲಿ ದೊಡ್ಡದು ಮಾಡಿ ಹಿಡಿದು, ಲೆನ್ಸಿಗೆ ಟೇಪ್ ಸುತ್ತಿದೆ. ಎಫ್/2.8, ಐಎಸ್‌ಒ 800, ಒಂದೊಂದು ನಿಮಿಷದ 90 ಫೋಟೊ. ಹನ್ನೊಂದು ಹಾಳಾದವು, ದೂರದಲ್ಲಿ ಟ್ರ್ಯಾಕ್ಟರ್ ಬೆಳಕು ಬಿದ್ದು. ಉಳಿದ 79 ಸಿರಿಲ್‌ನಲ್ಲಿ ಸೇರಿಸಿದೆ. ಮಹಾವ್ಯಾಧ ಪೂರ್ತಿ, ಚುಕ್ಕಿಗಳು ಮೂಲೆಯವರೆಗೂ ದುಂಡಗೆ. ಕತ್ತಿಯ ನಡುವಿನ ನೀಹಾರಿಕೆ ಗುಲಾಬಿ ಬಣ್ಣಕ್ಕೆ ಬಂದಿದೆ.

ಮಾವನಿಗೆ ಆರಿದ್ರಾ ತೋರಿಸಿದೆ. ಎಪ್ಪತ್ತು ವರ್ಷದಿಂದ ಆ ಮಳೆಗೆ ಕಾಯುತ್ತಿದ್ದೇನೆ, ಅದರ ಮುಖ ಇವತ್ತು ನೋಡಿದೆ ಅಂದ.

ಅಂಗಳದ_ಚುಕ್ಕಿ

ಫೋಟೊ ನೋಡಿದೆ. ಬಹಳ ಚೆನ್ನಾಗಿದೆ. ಬಲಮೂಲೆಯಲ್ಲಿ ಸ್ವಲ್ಪ ಬೆಳಕು ಹರಡಿದೆ, ಫ್ಲಾಟ್ (ಬೆಳಕಿನ ಏರುಪೇರು ಸರಿಪಡಿಸಲು ತೆಗೆಯುವ ಬರೀ ಬಿಳಿ ಫೋಟೊ) ತೆಗೆದಿರಾ?

ಎರೆಹೊಲ

ಇಲ್ಲ ಅಕ್ಕಾ, ಮರೆತೆ. ಮುಂದಿನ ಸಲ ಬಿಳಿ ಪಂಚೆ ಹಾಸಿ ಬೆಳಗಿನ ಆಕಾಶಕ್ಕೆ ಹಿಡಿದು ತೆಗೆಯುತ್ತೇನೆ.

ಗಣಿತಮೇಷ್ಟ್ರು

ಶಿವರಾತ್ರಿಯ ಅಮಾವಾಸ್ಯೆಯನ್ನು ತಪ್ಪಿಸಿಕೊಳ್ಳಬೇಡಿ. ಬೆಳಗಿನ ಜಾವ ಎರಡೂವರೆ ಹೊತ್ತಿಗೆ ಆಕಾಶಗಂಗೆಯ ನಡುಭಾಗ ಏಳುತ್ತದೆ. ಐದಕ್ಕೆ ಚೆನ್ನಾಗಿ ಮೇಲೆ ಬಂದಿರುತ್ತದೆ.

ಕತ್ತಲೆಪ್ರಿಯ

ಎರೆಹೊಲ ಅವರೇ, ಆ ರಾತ್ರಿಗೆ ನಾನೂ ಬರಬಹುದಾ? ಬೆಂಗಳೂರಿನಿಂದ ರೈಲಿಗೆ ಬರುತ್ತೇನೆ. ಸೀಸ್ಟಾರ್ ತರುತ್ತೇನೆ, ಮಾವನವರಿಗೆ ನೀಹಾರಿಕೆ ಹತ್ತಿರದಿಂದ ತೋರಿಸೋಣ.

ಎರೆಹೊಲ

ಬನ್ನಿ ಸರ್. ಹುಬ್ಬಳ್ಳಿ ಸ್ಟೇಷನ್ನಿಗೆ ಬೈಕ್ ತರುತ್ತೇನೆ. ಗೋಣಿಚೀಲ ಇನ್ನೊಂದು ಇದೆ.